ಶಾಲು ಹೊದಿಸಿದರೆ ತೀರುವ ಸಾಲವಲ್ಲ

ಆಗಸ್ಟ್ 29 ಬಂತೆಂದರೆ ನಮ್ಮ ದೇಶದಲ್ಲಿ ಕ್ರೀಡಾ ದಿನ. ಹಾಕಿಯ ಮಾಂತ್ರಿಕನೆಂದು ಜಗತ್ತು ಕೊಂಡಾಡಿದ ಧ್ಯಾನ್‌ಚಂದರ ಜನ್ಮದಿನವದು. ಅಂದು ಊರೂರಿಗೆ ಸಭೆ. ಸಭೆಗೆ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು. ಕೊನೆಗೆ ಒಬ್ಬ ಹಳೆಯ ಆಟಗಾರನನ್ನು ಹುಡುಕಿ ತಂದು, ಕುರ್ಚಿಯಲ್ಲಿ ಕೂಡ್ರಿಸಿ, ಶಾಲು ಹೊದಿಸಿ, ಕೈಯಲ್ಲಿ ತೆಂಗಿನಕಾಯಿ ಇಟ್ಟು, ಫೋಟೋ ತೆಗೆಸಿ ಕಳಿಸಿಬಿಡುವುದು. ಆಗಸ್ಟ್ 30ಕ್ಕೆ ಆ ಮನುಷ್ಯ ಏನು ಉಣ್ಣುತ್ತಾನೆ, ಅವನ ಮೊಣಕಾಲು ಹೇಗಿದೆ, ರಾತ್ರಿ ಅವನಿಗೆ ನಿದ್ದೆ ಬರುತ್ತದೆಯೇ ಎಂದು ವಿಚಾರಿಸುವವರಿಲ್ಲ. ಮೊದಲಿನ ಎರಡು ಪ್ರಶ್ನೆಗಳನ್ನು ಎಂದಾದರೂ ಯಾರಾದರೂ ಕೇಳಿಯಾರು. ಮೂರನೆಯದನ್ನಂತೂ ಯಾರೂ ಕೇಳುವುದಿಲ್ಲ. ನಾವು ಈ ವಾರ ಅದನ್ನೇ ಕೇಳಬಯಸುತ್ತೇವೆ.

ಕಾರಖಾನೆಯ ಪಗಾರ, ಕಬ್ಬಿನ ಬಿಲ್ಲು, ಪೇಟೆಯ ಕರ ಇವನ್ನು ಬಿಟ್ಟು ಪತ್ರಿಕೆಗೆ ಹಾಕಿ ಆಟಗಾರರ ಗೊಡವೆ ಏಕೆ ಎಂದು ಕುಡಚಿಯ ವಾಚಕರು ಕೇಳಬಹುದು. ನಮ್ಮ ಉತ್ತರ ಸರಳವಾಗಿದೆ. ಆಟಗಾರನೂ ದುಡಿಮೆಗಾರನೇ. ಗಿರಣಿಯವನು ತೋಳು ಮಾರುತ್ತಾನೆ, ಇವನು ಕಾಲು, ಕಣ್ಣು, ಉಸಿರು ಮಾರುತ್ತಾನೆ. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಆರಂಭವಾದಂದಿನಿಂದ ಈ ಮಾರಾಟ ಬಹಿರಂಗ ಹರಾಜಿನಲ್ಲಿಯೇ ನಡೆದಿದೆ. 2017ರ ಆಟದ ನಂತರ ಆ ಲೀಗ್ ನಿಂತುಹೋಯಿತು. ಏಳು ವರ್ಷ ಕಳೆದ ಮೇಲೆ, 2024ರ ಕೊನೆಗೆ, ಮತ್ತೆ ಶುರುವಾಯಿತು. ಆ ವರ್ಷದ ಹರಾಜಿನಲ್ಲಿ ಭಾರತದ ನಾಯಕ ಹರ್ಮನ್‌ಪ್ರೀತ್ ಸಿಂಗರಿಗೆ 78 ಲಕ್ಷ ರೂಪಾಯಿ ಬೆಲೆ ಬಂದಿತೆಂದು ಎಲ್ಲರೂ ಬೆರಗಾದರು. ಅವರ ಯೋಗ್ಯತೆಗೆ ಬಂದ ಬೆಲೆ ಬರಲಿ. ಆದರೆ ಲೀಗ್ ನಿಂತಿದ್ದ ಆ ಏಳು ವರ್ಷಗಳಲ್ಲಿಯೇ ಯೌವನ ಮುಗಿಸಿದವರು ಎಷ್ಟು ಮಂದಿ? ಒಬ್ಬ ಹಾಕಿ ಆಟಗಾರನ ಒಳ್ಳೆಯ ದಿನಗಳು ಒಟ್ಟು ಹತ್ತೋ ಹನ್ನೆರಡೋ ವರ್ಷ. ಅದರಲ್ಲಿ ಏಳು ವರ್ಷ ಪೇಟೆ ಬಂದಾದರೆ ಅಂಗಡಿಕಾರನ ಗತಿ ಏನಾದೀತೆಂದು ನಮ್ಮ ವ್ಯಾಪಾರಿ ಬಾಂಧವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾರಖಾನೆಯ ಕಾರ್ಮಿಕನು ಅರವತ್ತರ ಹತ್ತಿರ ನಿವೃತ್ತನಾಗುತ್ತಾನೆ. ಅಷ್ಟರಲ್ಲಿ ಮಕ್ಕಳು ಕೈಗೆ ಬಂದಿರುತ್ತಾರೆ. 1952ರ ಕಾಯದೆಯಿಂದ ಬಂದ ಪ್ರಾವಿಡೆಂಟ್ ಫಂಡು, 1972ರ ಕಾಯದೆಯಿಂದ ಬಂದ ಗ್ರ್ಯಾಚುಯಿಟಿ ಅವನ ಬೆನ್ನಿಗಿವೆ. ಇವು ಯಾವ ಮಾಲಕನೂ ಪ್ರೀತಿಯಿಂದ ಕೊಟ್ಟ ಉಡುಗೊರೆಗಳಲ್ಲ. ಕಾರ್ಮಿಕರು ಸಂಘ ಕಟ್ಟಿ, ಲಾಠಿ ತಿಂದು, ಉಪವಾಸವಿದ್ದು ಪಡೆದವು. ಆಟಗಾರನಾದರೋ ಮೂವತ್ತೆರಡನೆಯ ವಯಸ್ಸಿಗೆ ಮುದುಕನೆನಿಸಿಕೊಳ್ಳುತ್ತಾನೆ. ಮಕ್ಕಳು ಆಗ ಒಂದನೆಯ ಇಯತ್ತೆಯಲ್ಲಿರುತ್ತಾರೆ. ಹದಿನಾಲ್ಕನೆಯ ವಯಸ್ಸಿನಿಂದ ಮೈದಾನದಲ್ಲಿದ್ದುದರಿಂದ ಓದು ಅರ್ಧಕ್ಕೆ ನಿಂತಿರುತ್ತದೆ. ಬೇರೆ ಕಸುಬು ಕೈಗೆ ಹತ್ತಿರುವುದಿಲ್ಲ. ಮುಂದಿನ ನಾಲ್ವತ್ತು ವರ್ಷಗಳ ಬಾಳು ಅವನ ಮುಂದೆ ಬರಿದಾಗಿ ಬಿದ್ದಿರುತ್ತದೆ.

ನಮ್ಮ ಜಿಲ್ಲೆಯವರಿಗೆ ಈ ಮಾತು ದೂರದ್ದಲ್ಲ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರವಿದೆ. ಆ ರೆಜಿಮೆಂಟಿನ ಸಿಪಾಯಿ ಶಂಕರ್ ಲಕ್ಷ್ಮಣರು 1947ರಲ್ಲಿ ಬ್ಯಾಂಡಿನ ಹುಡುಗನಾಗಿ ಸೈನ್ಯ ಸೇರಿದವರು. ಮೊದಲು ಫುಟ್‌ಬಾಲ್ ಆಡುತ್ತಿದ್ದ ಅವರು ಪಲಟಣಿನಲ್ಲಿ ಹಾಕಿಗೆ ತಿರುಗಿದರು. 1956ರ ಮೆಲ್ಬರ್ನ್, 1960ರ ರೋಮ್, 1964ರ ಟೋಕಿಯೋ, ಈ ಮೂರೂ ಒಲಿಂಪಿಕ್ಕುಗಳಲ್ಲಿ ಭಾರತದ ಗೋಲು ಕಾಯ್ದವರು ಅವರೇ. ಮೂರೂ ಸಲ ಅಂತಿಮ ಪಂದ್ಯ ಪಾಕಿಸ್ತಾನದೊಡನೆ. ಮೂರೂ ಸಲ ನಿರ್ಣಯವಾದದ್ದು ಒಂದೇ ಒಂದು ಗೋಲಿನಿಂದ. ಎರಡು ಸಲ ಚಿನ್ನ, ಒಂದು ಸಲ ಬೆಳ್ಳಿ. ಮುಖಕ್ಕೆ ಕವಚ ಹಾಕದ ಆ ಕಾಲದಲ್ಲಿ, ಟೋಕಿಯೋದ ಅಂತಿಮ ಪಂದ್ಯದಲ್ಲಿ ಅವರು ಗೋಡೆಯಂತೆ ನಿಂತದ್ದನ್ನು ಹಾಕಿ ಬಲ್ಲವರು ಇಂದಿಗೂ ನೆನೆಯುತ್ತಾರೆ. ನಮ್ಮ ಬೆಳಗಾವಿಯ ಬಂಡು ಪಾಟೀಲರೂ ಆ ಚಿನ್ನದ ತಂಡದಲ್ಲಿದ್ದರು. 1966ರಲ್ಲಿ ಬ್ಯಾಂಕಾಕಿನ ಏಷ್ಯಾಡಿಗೆ ಶಂಕರ್ ಲಕ್ಷ್ಮಣರೇ ನಾಯಕರಾಗಿ ಹೋಗಿ ಮತ್ತೆ ಚಿನ್ನ ತಂದರು. ಅರ್ಜುನ ಪ್ರಶಸ್ತಿ ಬಂತು, ಪದ್ಮಶ್ರೀ ಬಂತು.

ಅನಂತರ ನಡೆದದ್ದೇನು? 1968ರ ಮೆಕ್ಸಿಕೊ ತಂಡದಲ್ಲಿ ಅವರಿಗೆ ಸ್ಥಾನ ದೊರೆಯಲಿಲ್ಲ. ಅವರು ಆಟದಿಂದಲೇ ದೂರ ಸರಿದರು. 1979ರಲ್ಲಿ ಕ್ಯಾಪ್ಟನ್ ಹುದ್ದೆಯಿಂದ ನಿವೃತ್ತರಾಗಿ ಮಧ್ಯಪ್ರದೇಶದ ಮಹೂ ಎಂಬ ತಮ್ಮ ಊರಿಗೆ ಹೋದರು. 2006ರ ಎಪ್ರಿಲ್ 29ರಂದು, ಕಾಲಿಗೆ ಗ್ಯಾಂಗ್ರೀನ್ ಹತ್ತಿ, ಹಣದ ಅಡಚಣೆಯಲ್ಲಿ ತೀರಿಕೊಂಡರು. ಮೂರು ಒಲಿಂಪಿಕ್ಕುಗಳಲ್ಲಿ ದೇಶದ ಗೋಲನ್ನು ಯಾವ ಕಾಲಿನಿಂದ ತಡೆದರೋ ಆ ಕಾಲೇ ಕೊಳೆಯಿತು. ಸೈನ್ಯದ ನೌಕರಿ ಇದ್ದವರ ಗತಿ ಇದಾದರೆ ನೌಕರಿಯೇ ಇಲ್ಲದವರ ಗತಿ ಏನು?

ಧ್ಯಾನ್‌ಚಂದರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಮೂರು ಒಲಿಂಪಿಕ್ ಚಿನ್ನ ಗೆದ್ದ ಆ ಮಹಾಪುರುಷ 1979ರ ದಶಂಬರ 3ರಂದು ದಿಲ್ಲಿಯ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಪ್ರಾಣ ಬಿಟ್ಟರು. ಈಗ ದೇಶದ ಅತ್ಯುನ್ನತ ಕ್ರೀಡಾ ಪ್ರಶಸ್ತಿಗೆ ಅವರ ಹೆಸರಿದೆ. ನಮ್ಮ ಕೃಷ್ಣೆಯ ಮೇಲಣ ದಂಡೆಯಲ್ಲಿ, ಕರಾಡದ ಬಳಿಯ ಗೋಳೇಶ್ವರದ ಪೈಲವಾನ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು; ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ಗೆದ್ದ ಮೊದಲನೆಯ ಒಲಿಂಪಿಕ್ ಪದಕವದು. ಅವರ ಪ್ರವಾಸದ ಖರ್ಚಿಗೆ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆಯನ್ನೇ ಒತ್ತೆ ಇಟ್ಟಿದ್ದರು. ಪೊಲೀಸ್ ಖಾತೆಯಲ್ಲಿ ದುಡಿದ ಜಾಧವರು ಕಡೆಗಾಲದಲ್ಲಿ ಪಿಂಚಣಿಗಾಗಿ ಹೆಣಗಿ, 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅದಾದ ಹದಿನಾರು ವರ್ಷಗಳ ಮೇಲೆ. ಬದುಕಿದ್ದಾಗ ಅನ್ನ ಕೇಳಿದರೆ ಕಿವಿ ಕೇಳದು, ಸತ್ತ ಮೇಲೆ ಹೆಸರಿಡಲು ಎಲ್ಲಿಲ್ಲದ ಆತುರ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಹೊಳೆಯ ದಂಡೆಯಲ್ಲಿರುವ ನಮಗೆ ಚೆನ್ನಾಗಿ ಗೊತ್ತು.

ಇಷ್ಟು ಹೊಟ್ಟೆಯ ಮಾತಾಯಿತು. ಇನ್ನು ಮನಸ್ಸಿನ ಮಾತು.

ಆಟಗಾರನ ದಿನ ಬೆಳಗಿನ ಐದಕ್ಕೆ ಸೀಟಿಯೊಂದಿಗೆ ಪ್ರಾರಂಭವಾಗುತ್ತದೆ. ಯಾವಾಗ ಏಳಬೇಕು, ಏನು ತಿನ್ನಬೇಕು, ಯಾರೊಡನೆ ಮಲಗುವ ಕೋಣೆ ಹಂಚಿಕೊಳ್ಳಬೇಕು, ಎಲ್ಲವನ್ನೂ ಇನ್ನೊಬ್ಬರು ನಿಶ್ಚಯಿಸುತ್ತಾರೆ. ಹತ್ತು ಸಾವಿರ ಜನ ಹೆಸರು ಹಿಡಿದು ಕೂಗುತ್ತಾರೆ. ಒಂದು ದಿನ ತಂಡದ ಯಾದಿಯಲ್ಲಿ ಆ ಹೆಸರು ಇರುವುದಿಲ್ಲ. ಅಂದಿನಿಂದ ಸೀಟಿ ಇಲ್ಲ, ಜೊತೆಗಾರರಿಲ್ಲ, ಕೂಗಿಲ್ಲ. ದಿನಾಲು ನಾಲ್ಕು ತಾಸು ಬೆವರಿದ ಮೈ ಒಮ್ಮೆಗೇ ಸುಮ್ಮನೆ ಕೂತಾಗ ನಿದ್ದೆ ಕೆಡುತ್ತದೆ, ಹಸಿವು ಕೆಡುತ್ತದೆ. ಹಳೆಯ ಪೆಟ್ಟುಗಳು ಒಂದೊಂದಾಗಿ ಎದ್ದು ನೋಯತೊಡಗುತ್ತವೆ. 'ನಾನು ಯಾರು?' ಎಂದರೆ ಹದಿನೆಂಟು ವರ್ಷ ಅವನಿಗೆ ಒಂದೇ ಉತ್ತರವಿತ್ತು. ಈಗ ಅದೂ ಇಲ್ಲ. ನೋವಿಗೆ ಗುಳಿಗೆ, ನಿದ್ದೆಗೆ ಸೆರೆ, ಸೆರೆಗೆ ಸಾಲ, ಸಾಲಕ್ಕೆ ಮನೆಯಲ್ಲಿ ಜಗಳ, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ.

ಇದು ನಮ್ಮ ಕಲ್ಪನೆಯಲ್ಲ. ಬೇರೆ ಬೇರೆ ದೇಶಗಳ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಬ್ರಿಟನ್ನಿನ ಕ್ರೀಡಾ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಉನ್ನತ ಮಟ್ಟದಲ್ಲಿ ಆಡಿ ನಿವೃತ್ತರಾದವರಲ್ಲಿ ಶೇಕಡಾ 26ರಷ್ಟು ಜನರಲ್ಲಿ ಆತಂಕ ಇಲ್ಲವೆ ಖಿನ್ನತೆಯ ಲಕ್ಷಣಗಳು ಕಂಡುಬಂದವು. ಅಂದರೆ ನಾಲ್ವರಲ್ಲಿ ಒಬ್ಬರು. ತಾವಾಗಿ ಆಟ ಬಿಟ್ಟವರಿಗಿಂತ, ಪೆಟ್ಟಾಗಿ ಇಲ್ಲವೆ ಹೊರದೂಡಲ್ಪಟ್ಟು ಬಿಟ್ಟವರಿಗೆ ಈ ಬಾಧೆ ಹೆಚ್ಚು. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳಿಂದ ಊರಿಗೆ ಮರಳಿದವರನ್ನು ಕಂಡ ನಮ್ಮ ಸೀಮೆಯ ಹಿರಿಯರಿಗೆ ಇದರ ಅರ್ಥ ಬೇಗ ಆಗುತ್ತದೆ. ನಾಳೆಯಿಂದ ಬರಬೇಡ ಎಂಬ ಒಂದು ಮಾತು ಗಟ್ಟಿಮುಟ್ಟಾದ ಗಂಡಸನ್ನು ಹೇಗೆ ಒಳಗೊಳಗೇ ತಿನ್ನುತ್ತದೆಂದು ಅವರು ಬಲ್ಲರು.

ಶ್ರೀಮಂತ ದೇಶಗಳೂ ಇದಕ್ಕೆ ಹೊರತಲ್ಲ. ಕೆನಡಾ ಮತ್ತು ಅಮೆರಿಕೆಯಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿ ಕೋಟಿಗಟ್ಟಲೆ ಡಾಲರಿನ ಧಂದೆ. ಅಲ್ಲಿ ಡೆರೆಕ್ ಬೂಗಾರ್ಡ್ ಎಂಬ ಆಟಗಾರನ ಕೆಲಸವೇ ಎದುರಾಳಿಗಳೊಡನೆ ಮುಷ್ಟಿಯುದ್ಧ ಮಾಡುವುದಾಗಿತ್ತು. 2011ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ನೋವಿನ ಗುಳಿಗೆ ಮತ್ತು ಮದ್ಯ ಅತಿಯಾಗಿ ಆತ ಸತ್ತ. ಬಾಸ್ಟನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ, ಪದೇ ಪದೇ ತಲೆಗೆ ಬಿದ್ದ ಪೆಟ್ಟಿನಿಂದ ಆತನ ಮಿದುಳು ರೋಗಗ್ರಸ್ತವಾಗಿದ್ದುದು ಕಂಡಿತು. ತಲೆಪೆಟ್ಟಿನ ಬಗ್ಗೆ ನೂರಾರು ನಿವೃತ್ತರು ಹೂಡಿದ ದಾವೆಯಲ್ಲಿ ಮಾಲಕರ ಒಕ್ಕೂಟ 2018ರಲ್ಲಿ ಸುಮಾರು 1 ಕೋಟಿ 90 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

ಆದರೆ ಆ ದೇಶದಿಂದ ಕಲಿಯತಕ್ಕ ಇನ್ನೊಂದು ಸಂಗತಿಯಿದೆ. 1957ರಲ್ಲಿ ಡೆಟ್ರಾಯಿಟ್ ತಂಡದ ಟೆಡ್ ಲಿಂಡ್ಸೆ ಎಂಬ ಪ್ರಸಿದ್ಧ ಆಟಗಾರ, ತಮ್ಮ ಪಿಂಚಣಿಯ ಹಣದ ಲೆಕ್ಕ ತೋರಿಸಿರೆಂದು ಕೇಳಿ ಆಟಗಾರರ ಸಂಘ ಕಟ್ಟಲು ಹೊರಟ. ಮಾಲಕರು ಆತನನ್ನು ಶಿಕಾಗೋ ತಂಡಕ್ಕೆ ಸಾಗಹಾಕಿದರು. ಸಂಘ ಮುರಿಯಿತು, ಆದರೆ ಹತ್ತು ವರ್ಷಗಳ ನಂತರ, 1967ರಲ್ಲಿ, ಮತ್ತೆ ಎದ್ದು ನಿಂತಿತು. ಮುಂದೆ ನಿವೃತ್ತ ಆಟಗಾರರು ತಮ್ಮ ಪಿಂಚಣಿ ನಿಧಿಯ ಹೆಚ್ಚುವರಿ ಹಣಕ್ಕಾಗಿ ಕೋರ್ಟಿಗೆ ಹೋಗಿ 1992ರಲ್ಲಿ ಗೆದ್ದರು. ನಮ್ಮಲ್ಲಿ? 1998ರಲ್ಲಿ, ಶಂಕರ್ ಲಕ್ಷ್ಮಣರ ತಂಡದ ನಂತರ ಮೂವತ್ತೆರಡು ವರ್ಷಕ್ಕೆ, ಧನರಾಜ್ ಪಿಳ್ಳೈ ನಾಯಕತ್ವದ ತಂಡ ಏಷ್ಯಾಡಿನ ಚಿನ್ನ ತಂದಿತು. ಅಂತಿಮ ಪಂದ್ಯದ ಟೈಬ್ರೇಕರಿನಲ್ಲಿ ಗೋಲು ಕಾಯ್ದು ಗೆಲ್ಲಿಸಿದವರು ಬೆಂಗಳೂರಿನ ಆಶಿಶ್ ಬಲ್ಲಾಳ. ಮರಳಿ ಬಂದ ಕೆಲವೇ ದಿನಗಳಲ್ಲಿ ಇವರಿಬ್ಬರೂ ಸೇರಿ ಹಲವು ಹಿರಿಯ ಆಟಗಾರರನ್ನು ತಂಡದಿಂದ ಕೈಬಿಡಲಾಯಿತು. ವಿಶ್ರಾಂತಿ ಎಂದು ಅಧಿಕಾರಿಗಳು ಹೇಳಿದರು. ಹಣ ಕೇಳಿದ್ದಕ್ಕೆ ಶಿಕ್ಷೆ ಎಂದು ಆಟಗಾರರು ಹೇಳಿದರು. 2010ರ ಜನವರಿಯಲ್ಲಿ, ವಿಶ್ವಕಪ್ ಬಾಗಿಲಲ್ಲಿರುವಾಗ, ಪುಣೆಯ ಶಿಬಿರದಲ್ಲಿ ಭಾರತದ ಆಟಗಾರರು ತಮಗೆ ಬರಬೇಕಾದ ಹಣಕ್ಕಾಗಿ ಅಭ್ಯಾಸಕ್ಕೆ ಇಳಿಯಲು ನಿರಾಕರಿಸಿದರು. ಅದನ್ನು ಪತ್ರಿಕೆಗಳು ಬಂಡಾಯವೆಂದು ಕರೆದವು. ಗಿರಣಿಯವರು ಅದಕ್ಕೆ ಮುಷ್ಕರ ಎನ್ನುತ್ತಾರೆ.

ಸರಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 1994ರಿಂದ ಪದಕ ಗೆದ್ದ ಆಟಗಾರರಿಗೆ ಕೇಂದ್ರದ ಪಿಂಚಣಿ ಇದೆ. 2018ರ ಪರಿಷ್ಕರಣದಂತೆ ಒಲಿಂಪಿಕ್ ಪದಕಕ್ಕೆ ತಿಂಗಳಿಗೆ 20,000 ರೂಪಾಯಿ, ಏಷ್ಯಾಡಿನ ಚಿನ್ನಕ್ಕೆ 14,000, ಬೆಳ್ಳಿ-ಕಂಚಿಗೆ 12,000. ಅಡಚಣೆಯಲ್ಲಿದ್ದವರಿಗೆ 1982ರಲ್ಲಿ ಸ್ಥಾಪಿತವಾದ ಕಲ್ಯಾಣ ನಿಧಿ ಇದೆ. ನಿವೃತ್ತ ಆಟಗಾರರಿಗೆ ಹೊಸ ಕಸುಬಿನ ತರಬೇತಿ ಕೊಡುವ 'ರಿಸೆಟ್' ಎಂಬ ಯೋಜನೆ 2024ರ ಆಗಸ್ಟ್ 29ರಂದು ಪ್ರಾರಂಭವಾಯಿತು. ಮಾಜಿ ಪೈಲವಾನರಿಗೆ ನಮ್ಮ ರಾಜ್ಯ ಸರಕಾರ ಮಾಸಾಶನ ಕೊಡುತ್ತದೆ. ಇವೆಲ್ಲ ಒಳ್ಳೆಯವೇ.

ಆದರೆ ಈ ಪಿಂಚಣಿಯ ತಕ್ಕಡಿಯಲ್ಲಿ ತೂಗುವುದು ಪದಕವನ್ನು, ದುಡಿಮೆಯನ್ನಲ್ಲ. ನೂರು ಜನ ಆಡಿದರೆ ಒಬ್ಬರಿಗೆ ಪದಕ. ಉಳಿದ ತೊಂಬತ್ತೊಂಬತ್ತು ಜನ ಎದುರು ನಿಂತು ಆಡದಿದ್ದರೆ ಆ ಒಬ್ಬರು ತಯಾರಾಗುತ್ತಿದ್ದರೇ? ರಾಜ್ಯ ತಂಡಕ್ಕೆ, ವಿಶ್ವವಿದ್ಯಾಲಯಕ್ಕೆ, ರೇಲ್ವೆಗೆ ಆಡಿ ಮೊಣಕಾಲು ಕಳೆದುಕೊಂಡವರ ಲೆಕ್ಕ ಯಾವ ದಫ್ತರಿನಲ್ಲಿದೆ? ಆಡುವ ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ: ಮದುವೆ, ಹೆರಿಗೆ ಇವುಗಳೇ ಅನೇಕರಿಗೆ ನಿವೃತ್ತಿಯ ನೋಟೀಸು. ಸಕ್ಕರೆ ಕಾರಖಾನೆಯಲ್ಲಿ ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನೂ ಬಿಸಾಡುವುದಿಲ್ಲ. ಬಾಯ್ಲರಿಗೆ ಹಾಕಿ ಉಗಿ ಎಬ್ಬಿಸುತ್ತಾರೆ. ಹೊಳೆಯಾಚೆ ಉಗಾರದಲ್ಲಿ ದುಡಿಯುವವರು ಇದನ್ನು ದಿನಾಲು ನೋಡುತ್ತಾರೆ. ಆಟಗಾರನಿಗೆ ಸಿಪ್ಪೆಯ ಬೆಲೆಯೂ ಇಲ್ಲ.

ಹಿಂದೆ ಒಂದು ಆಸರೆಯಿತ್ತು. ಸೈನ್ಯ, ರೇಲ್ವೆ, ಬ್ಯಾಂಕು, ಬೆಂಗಳೂರಿನ ಸರಕಾರಿ ಕಾರಖಾನೆಗಳು ಆಟಗಾರರನ್ನು ಕಾಯಂ ನೌಕರಿಗೆ ತೆಗೆದುಕೊಳ್ಳುತ್ತಿದ್ದವು. ಆಟ ಮುಗಿದ ಮರುದಿನ ಅವನಿಗೆ ಹೋಗಲು ಒಂದು ಕಚೇರಿ, ಕೂಡ್ರಲು ಒಂದು ಕುರ್ಚಿ, ಊಟಕ್ಕೆ ಜೊತೆಯಾಗುವ ನಾಲ್ವರು ಇರುತ್ತಿದ್ದರು. ಮನಸ್ಸಿಗೆ ಇದಕ್ಕಿಂತ ದೊಡ್ಡ ಔಷಧವಿಲ್ಲ. ಹಾಕಿಗೆ ಹೆಸರಾದ ಏರ್ ಇಂಡಿಯಾವನ್ನು 2022ರಲ್ಲಿ ಖಾಸಗಿಯವರಿಗೆ ಒಪ್ಪಿಸಲಾಯಿತು. ಕಾಯಂ ಹುದ್ದೆಗಳು ಹೋಗಿ ಎಲ್ಲೆಲ್ಲೂ ಗುತ್ತಿಗೆ ಬರುತ್ತಿದೆ. ಒಂದು ಕಡೆ ಆಸರೆಯ ಕಂಬ ಕೀಳುವುದು, ಇನ್ನೊಂದು ಕಡೆ ಮನೋಬಲದ ಮೇಲೆ ಉಪನ್ಯಾಸ ಏರ್ಪಡಿಸುವುದು. ಇದು ಯಾವ ನ್ಯಾಯ?

ಮನೋವ್ಯಾಧಿಯ ವಿಷಯದಲ್ಲಿ ನಮ್ಮ ಜನರಿಗೂ ಒಂದು ಮಾತು ಹೇಳಬೇಕಾಗಿದೆ. ಕಾಲು ಮುರಿದರೆ ದವಾಖಾನೆಗೆ ಒಯ್ಯುತ್ತೇವೆ. ಮನಸ್ಸು ಮುರಿದರೆ 'ತಲೆ ಕೆಟ್ಟಿದೆ' ಎಂದು ಬಾಗಿಲು ಹಾಕಿಕೊಳ್ಳುತ್ತೇವೆ, ಇಲ್ಲವೆ ತಾಯಿತ ಕಟ್ಟಿಸುತ್ತೇವೆ. ಪೈಲವಾನನಿಗೆ, ಆಟಗಾರನಿಗೆ ಇದು ಇನ್ನೂ ಕಷ್ಟ. ಗಟ್ಟಿಗನೆಂದು ಹೆಸರಾದವನು ಅಳಬಾರದೆಂಬ ಕಟ್ಟಳೆ. ಖಿನ್ನತೆ ಹೇಡಿತನವಲ್ಲ, ದೈವದ ಶಾಪವೂ ಅಲ್ಲ. ಅದು ರೋಗ, ಮಾತಿನಿಂದ, ಔಷಧದಿಂದ ಗುಣವಾಗುವಂಥದು. ಈ ಚಿಕಿತ್ಸೆ ದೊಡ್ಡ ಪಟ್ಟಣದ ಸೊತ್ತಲ್ಲವೆಂದು ತೋರಿಸಿಕೊಟ್ಟದ್ದು ನಮ್ಮ ರಾಜ್ಯವೇ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಹಳ್ಳಿಯ ಆರೋಗ್ಯ ಕೇಂದ್ರಗಳ ಸಾದಾ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಿಗಳನ್ನು ಉಪಚರಿಸುವ ಪ್ರಯೋಗ ನಡೆಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ 'ಮನೋಚೈತನ್ಯ' ಯೋಜನೆಯನ್ನು ರಾಜ್ಯ ಸರಕಾರ ರೂಪಿಸಿದೆ. 2022ರ ಅಕ್ಟೋಬರದಿಂದ 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಹಗಲು-ರಾತ್ರಿ ಯಾರೂ ಪುಕ್ಕಟೆಯಾಗಿ ಫೋನು ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. 2017ರ ಕಾಯದೆಯಂತೆ ಸರಕಾರಿ ವೆಚ್ಚದಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕು. ಹಕ್ಕು ಎಂಬ ಶಬ್ದವನ್ನು ವಾಚಕರು ಗಮನಿಸಬೇಕು. ಅದು ದಾನವಲ್ಲ.

ಆಟ ಬಿಡಿಸುವುದೇ ರೋಗದ ಮೂಲವಾದರೆ ಆಟ ಬಿಡಿಸದಿರುವುದೂ ಒಂದು ಉಪಾಯ. ಕೊಡಗಿನವರು ಇದನ್ನು ಕಂಡುಕೊಂಡಿದ್ದಾರೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕುಟುಂಬ-ಕುಟುಂಬಗಳ ನಡುವೆ ಹಾಕಿ ಪಂದ್ಯ ಪ್ರಾರಂಭಿಸಿದಾಗ ಅರುವತ್ತು ಕುಟುಂಬಗಳು ಸೇರಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಸೇರಿದವು 360. ಅಲ್ಲಿ ಒಲಿಂಪಿಕ್ ಆಡಿದವನೂ, ಅವನ ಸೋದರಿಯೂ, ಶಾಲೆಗೆ ಹೋಗುವ ಹುಡುಗನೂ, ತಲೆ ನೆರೆತ ಅಜ್ಜನೂ ಒಂದೇ ತಂಡದಲ್ಲಿ ಕೋಲು ಹಿಡಿಯುತ್ತಾರೆ. ಅಂಥಲ್ಲಿ ಆಟಗಾರ 'ಮಾಜಿ' ಆಗುವುದೇ ಇಲ್ಲ. ಬೆಂಗಳೂರಿನಲ್ಲಿ ಭಾರತದ ಮಾಜಿ ನಾಯಕ ಜೂಡ್ ಫೆಲಿಕ್ಸ್ 2009ರಿಂದ ಬಡ ಮಕ್ಕಳಿಗೆ ಹಾಕಿ ಕಲಿಸುತ್ತ ಬಂದಿದ್ದಾರೆ. ಕಲಿಯುವ ಮಗುವಿಗೂ ಲಾಭ, ಕಲಿಸುವವನಿಗೂ ಬಾಳಿಗೊಂದು ಅರ್ಥ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು: ಆಟಗಾರನನ್ನು ಹರಾಜಿನಲ್ಲಿ ಕೊಳ್ಳುವ ಮಾಲಕ, ಅವನ ಆಟದ ಕಾಲದಲ್ಲಿಯೇ ಪ್ರಾವಿಡೆಂಟ್ ಫಂಡಿನಂತೆ ತನ್ನ ಪಾಲು ಕಟ್ಟತಕ್ಕದ್ದು. ಎರಡು: ಪಿಂಚಣಿಯನ್ನು ಪದಕಕ್ಕಲ್ಲ, ಆಡಿದ ವರ್ಷಗಳಿಗೆ ಕೊಡಬೇಕು; ರಾಜ್ಯ ಮಟ್ಟದಲ್ಲಿ ಆಡಿದವರೂ ಅದರಲ್ಲಿ ಬರಬೇಕು. ಮೂರು: ಸರಕಾರಿ ಶಾಲೆಗಳಲ್ಲಿ ಖಾಲಿ ಬಿದ್ದಿರುವ ದೈಹಿಕ ಶಿಕ್ಷಕರ ಹುದ್ದೆಗಳಿಗೆ, ಪದವಿ ಇಲ್ಲದ ಆಟಗಾರರಿಗೆ ಒಂದು ವರ್ಷದ ತರಬೇತಿ ಕೊಟ್ಟು, ಕಾಯಂ ಆಗಿ ತೆಗೆದುಕೊಳ್ಳಬೇಕು. ನಾಲ್ಕು: ಆಟ ಬಿಟ್ಟ ಮೇಲೆ ಕನಿಷ್ಠ ಐದು ವರ್ಷ ದೇಹ ಮತ್ತು ಮನಸ್ಸು ಎರಡರ ತಪಾಸಣೆಯ ಖರ್ಚನ್ನು ಅವನನ್ನು ಆಡಿಸಿದ ಸಂಸ್ಥೆಯೇ ಹೊರಬೇಕು. ಐದು: ರಾಯಬಾಗದ ತಾಲೂಕು ಆಸ್ಪತ್ರೆಯ ಮಂಗಳವಾರ ತಪ್ಪಬಾರದು, ತಪ್ಪಿದರೆ ಕೇಳುವವರು ನಾವಾಗಬೇಕು.

ಕಬ್ಬಿನ ಬಾಕಿಯೇ ಬಂದಿಲ್ಲ, ಆಟಗಾರರಿಗೆಲ್ಲಿಯ ಹಣ ಎಂದು ಹೇಳುವವರು ಉಂಟು. ಒಬ್ಬ ದುಡಿಮೆಗಾರನ ಬಾಕಿಯನ್ನು ತೋರಿಸಿ ಇನ್ನೊಬ್ಬನ ಬಾಕಿ ಮುಳುಗಿಸುವುದು ಮಾಲಕರ ಹಳೆಯ ವಿದ್ಯೆ. ಅದಕ್ಕೆ ನಾವು ಮರುಳಾಗಬಾರದು.

ಸರಕಾರದ ದಾರಿ ಕಾಯದೆ ನಮ್ಮ ಊರಲ್ಲಿಯೇ ಮಾಡಬಹುದಾದದ್ದೂ ಇದೆ. ಜಾತ್ರೆಯ ಕುಸ್ತಿಗೆ, ಪಂದ್ಯಗಳಿಗೆ ನಮ್ಮ ವ್ಯಾಪಾರಿಗಳು ಉದಾರವಾಗಿ ವರ್ಗಣಿ ಕೊಡುತ್ತಾರೆ. ಆ ವರ್ಗಣಿಯ ಹತ್ತನೆಯ ಒಂದು ಪಾಲನ್ನು ಹಳೆಯ ಆಟಗಾರರ ಉಪಚಾರಕ್ಕೆಂದು ಬೇರೆ ತೆಗೆದಿಡಲಿ. ಲೆಕ್ಕವನ್ನು ಊರ ಮುಂದಿಡಲಿ. ತಾಲೀಮಿನ ಹುಡುಗರನ್ನು ತಿದ್ದಲು ಆ ಹಿರಿಯರನ್ನೇ ಕರೆಯಲಿ, ಕರೆದದ್ದಕ್ಕೆ ಪಗಾರ ಕೊಡಲಿ. ಗಿರಣಿಯ ಸಂಘಗಳು ತಮ್ಮ ಓಣಿಯಲ್ಲಿ ಮಾತು ನಿಲ್ಲಿಸಿದ, ಮನೆಯಿಂದ ಹೊರಬೀಳದ ಆಟಗಾರ ಇದ್ದರೆ ಹೋಗಿ ಬಾಗಿಲು ತಟ್ಟಲಿ. ಮಂಗಳವಾರದ ದಿನ ಅವನೊಡನೆ ಒಬ್ಬರು ರಾಯಬಾಗಕ್ಕೆ ಬಸ್ಸು ಹತ್ತಲಿ. ಒಂದು ಪಾಳಿಯ ರಜೆಗಿಂತ ಹೆಚ್ಚಿನದೇನೂ ಇದಕ್ಕೆ ಬೇಡ.

ಮುಂದಿನ ಆಗಸ್ಟ್ 29ಕ್ಕೆ ಶಾಲು ತರುವವರು ತರಲಿ. ಆದರೆ ಅಂದು ವೇದಿಕೆಯ ಮೇಲಿನವರಿಗೆ ಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಲು ನಾವು ವಾಚಕರನ್ನು ಕೋರುತ್ತೇವೆ: ಈ ಮನುಷ್ಯನ ಪಿಂಚಣಿ ಎಷ್ಟು, ಇವನ ಔಷಧದ ಖರ್ಚು ಯಾರದು?